ಗುರ್ತು ಸಿಕ್ತಾ, ಟೀಚರ್?

ಫೆಬ್ರವರಿ 3, ಸೋಮವಾರ

ಈವತ್ತು ಮಧುಗಿರಿಯ ಬ್ಯಾಂಕಿನಲ್ಲಿ ಮಾನ ಹೋಯಿತು. ಕಿಟಕಿಯ ಪಕ್ಕ ನಿಂತಿದ್ದ ದಪ್ಪನೆಯ ಹೆಂಗಸನ್ನು ನೋಡಿದ ತಕ್ಷಣ, ಇವಳು ಕೊರಟಗೆರೆಯ ನಾದಿನಿಯ ಸೊಸೆಯೇ ಎಂದು ಮನಸ್ಸು ಸಾರಿ ಹೇಳಿತು. ಹೋಗಿ ಕೈ ಹಿಡಿದುಕೊಂಡೆ. "ನಿಮ್ಮತ್ತೆ ಮಂಡಿನೋವು ಹೆಂಗೈತಮ್ಮ?" ಎಂದೆ.

"ನಮ್ಮತ್ತೆ ಹೋಗಿ ಆರು ವರ್ಷ ಆಯ್ತು ಕಣಮ್ಮ" ಎಂದಳು ಆ ಪುಣ್ಯಾತ್ಗಿತ್ತಿ.

ಜೊತೆಗಿದ್ದ ನನ್ನ ಸೊಸೆ ವನಜಾಕ್ಷಿ ರಟ್ಟೆ ಹಿಡಿದು ಈಚೆಗೆ ಎಳೆದುಕೊಂಡಳು. ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಅದೇ ಸಾಲಿನಲ್ಲಿ ಹಿಂದೆ ನಮ್ಮ ಪಕ್ಕದ ಮನೆಯ ಲಕ್ಕಮ್ಮ ನಿಂತಿದ್ದಳಂತೆ. ನನ್ನನ್ನು ನೋಡಿ ನಕ್ಕಳಂತೆ. ನಾನು ಗೋಡೆ ನೋಡಿದ ಹಾಗೆ ಅವಳನ್ನು ನೋಡಿ ಮುಂದೆ ಹೋದೆನಂತೆ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ: ಟೀಚರಮ್ಮ ಊರಲ್ಲಿ ಒಂಥರಾ, ಪೇಟೆಯಲ್ಲಿ ಒಂಥರಾ.

ದೊಡ್ಡೇರಿ ಹೋಬಳಿಯಲ್ಲಿ ಮೂವತ್ತು ವರ್ಷ ಅಂಗನವಾಡಿ ನಡೆಸಿದವಳು ನಾನು. ಯಾವ ಮಗು ಯಾರ ಮನೆಯದು ಎಂದು ಮೂಗು ನೋಡಿ ಹೇಳುತ್ತಿದ್ದೆ. ಈಗ ಆ ಮಕ್ಕಳೆಲ್ಲ ಮೀಸೆ ಬಿಟ್ಟುಕೊಂಡು ಎದುರಿಗೆ ನಿಂತು "ಗುರ್ತು ಸಿಕ್ತಾ, ಟೀಚರ್?" ಎನ್ನುತ್ತಾರೆ. ಹೆಸರು ಹೇಳಿದರೆ ಇವರ ಗಂಟೇನು ಹೋಗುತ್ತದೋ! ನಾನೂ ಕಡಿಮೆಯವಳಲ್ಲ. "ನಿನ್ನ ಮರೆಯಕ್ಕಾಯ್ತದೇನೋ! ಅಮ್ಮ ಚೆನ್ನಾಗವ್ರಾ?" ಎಂದುಬಿಡುತ್ತೇನೆ. ಎಲ್ಲರಿಗೂ ಅಮ್ಮ ಇದ್ದೇ ಇರುತ್ತಾಳೆ. ಇದುವರೆಗೆ ಈ ಉಪಾಯ ಕೈಕೊಟ್ಟಿಲ್ಲ.

ಫೆಬ್ರವರಿ 5, ಬುಧವಾರ

ಆಶಾ ಫೋನ್ ಮಾಡಿದ್ದಳು!

ನಂಬರು ಹೇಗೆ ಸಿಕ್ಕಿತೋ ಕೇಳುವಷ್ಟು ಬುದ್ಧಿ ನನಗಿರಲಿಲ್ಲ. "ದೊಡ್ಡಮ್ಮ, ನಾನು ಆಶಾರಾಣಿ. ರಜ ಸಿಕ್ರೆ ಒಂದಿನ ಬತ್ತೀನಿ. ದೊಡ್ಡಪ್ಪ ಬೈತಾರಾ?" ಎಂದಳು. "ಯಾರು ಬೈತಾರೆ? ನಾನಿಲ್ವಾ? ಬಾರೇ ತಾಯಿ" ಎಂದೆ. ಆಮೇಲೆ ಫೋನು ಅವಳೇ ಇಟ್ಟಳು.

ಆಶಾ ನನ್ನ ಮೈದುನನ ಮಗಳು. ಹೆತ್ತ ತಾಯಿ ಹೋದಾಗ ಇನ್ನೂ ತೊದಲು ಮಾತು. ಅವಳಿಗೆ ಅನ್ನ ಕಲಸಿ ತಿನ್ನಿಸಿದ್ದು, ಜಡೆ ಹಾಕಿದ್ದು, ಅಂಗನವಾಡಿಗೆ ಸೊಂಟದ ಮೇಲೆ ಹೊತ್ತುಕೊಂಡು ಹೋಗಿದ್ದು ಎಲ್ಲ ನಾನೇ. ಅವಳಿಗೆ ಹದಿನಾಲ್ಕಾಗಿದ್ದಾಗ ಬೋರ್‌ವೆಲ್ ಇದ್ದ ತುಂಡು ಹೊಲಕ್ಕಾಗಿ ನಮ್ಮ ಯಜಮಾನರೂ ಇವರ ತಮ್ಮನೂ ಬಾಯಿಗೆ ಬಂದಂತೆ ಬೈದಾಡಿಕೊಂಡರು. ಮೈದುನ ಮಗಳ ಕೈ ಹಿಡಿದು ಪಾವಗಡ ಸೀಮೆಗೆ ಹೊರಟುಹೋದ. ಅವಳ ಮದುವೆಗೆ ನಮಗೆ ಹೇಳಲಿಲ್ಲ. ಮೈದುನ ತೀರಿಕೊಂಡಾಗ ಇವರು ಹೋಗಿ ದೂರದಲ್ಲೇ ನಿಂತಿದ್ದು, ಕೊನೆಗೆ ಮಣ್ಣು ಹಾಕಿ ಬಂದರು. ನಾನು ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿಕೊಂಡಿದ್ದೆ. ಹದಿನಾರು ವರ್ಷ ಆಯಿತು, ಅವಳ ಮುಖ ನೋಡಿಲ್ಲ.

ಇವರಿಗೆ ಹೇಳಿದೆ. ಎದ್ದು ಹಿತ್ತಲಿಗೆ ಹೋಗಿ, ಕಡಿದಿದ್ದ ಸೌದೆಯನ್ನೇ ಮತ್ತೆ ಕಡಿದರು. ಬೈಯಲಿಲ್ಲ. ಅಷ್ಟು ಸಾಕು.

ಫೆಬ್ರವರಿ 9, ಭಾನುವಾರ

ಬರಲಿಲ್ಲ. ಮಡಿಲಕ್ಕಿಗೆ ಅಕ್ಕಿ ಆರಿಸಿಟ್ಟೆ. ಹಸಿರು ರವಿಕೆ ಕಣ, ಒಂದು ಡಜನ್ ಬಳೆ, ಬೆಲ್ಲದಚ್ಚು, ಕೊಬ್ಬರಿ ಬಟ್ಟಲು. ಮನೆಮಗಳು ಮದುವೆಯಾಗಿ ಮೊದಲ ಸಲ ಬರುವುದು. ಮಡಿಲು ತುಂಬದೆ ಕಳಿಸಲು ನಾನೇನು ಸತ್ತಿದ್ದೇನೆಯೇ?

ಫೆಬ್ರವರಿ 11, ಮಂಗಳವಾರ

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಆದರೆ ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಬಿಸಿಲು ಏರಿತ್ತು. ಬಾಗಿಲಲ್ಲಿ ಮೂವತ್ತರ ಹೆಣ್ಣುಮಗಳು, ತಲೆ ಮೇಲೆ ದುಪಟ್ಟಾ, ಹೆಗಲಲ್ಲಿ ಚೀಲ. "ಹನುಮಕ್ಕ ಟೀಚರ್ ಮನೆ ಇದೇನಾ?" ಎಂದಳು. ಅದೇ ಮೂಗು, ಅದೇ ಹುಬ್ಬು, ಅದೇ ಅಂಜಿಕೆ. ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಓಡಿಹೋಗಿ ತಬ್ಬಿಕೊಂಡೆ. ಅತ್ತುಬಿಟ್ಟೆ. "ಈಗ ಬಂದ್ಯೇನೇ, ಈಗ ಬಂದ್ಯಾ" ಎಂದು ಬೆನ್ನು ಸವರಿದೆ. ಅವಳು ಕಲ್ಲಿನಂತೆ ನಿಂತಿದ್ದಳು. ಕೋಪ ಇರುತ್ತದೆ, ಪಾಪ, ಇರಲಿ ಎಂದುಕೊಂಡೆ.

ಮಣೆ ಹಾಕಿ ಕೂರಿಸಿದೆ. ಕುಂಕುಮ ಇಡಲು ಹೋದರೆ ಮೆಲ್ಲಗೆ ನನ್ನ ಕೈ ಹಿಡಿದು "ಬೇಡಮ್ಮ" ಎಂದಳು. ನನಗೆ ದುಃಖ ಒತ್ತರಿಸಿ ಬಂತು. "ಕುಂಕುಮ ಬ್ಯಾಡ ಅಂದ್ರೆ ಬ್ಯಾಡ, ಮಡಿಲಾದ್ರೂ ಒಡ್ಡು ಮಗಳೇ" ಎಂದೆ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ದುಪಟ್ಟಾ ಹರಡಿ ಹಿಡಿದಳು. ಬೊಗಸೆ ಬೊಗಸೆ ಅಕ್ಕಿ ಹಾಕಿದೆ. ಕೊಬ್ಬರಿ, ಬೆಲ್ಲ, ಬಳೆ, ರವಿಕೆ ಕಣ, ಒಂದೂ ಬಿಡಲಿಲ್ಲ. ಅಷ್ಟರಲ್ಲಿ ವನಜಾಕ್ಷಿ ನೀರು ಹೊತ್ತುಕೊಂಡು ಬಂದಳು.

"ಮೇಡಂ, ತಾವು ಯಾರು?"

"ಉಮ್ಮೆ ಹಾನಿ ಅಂತ. ಸಿರಾದೋಳು. ನಿಮ್ಮೂರ ಸ್ಕೂಲಿಗೆ ಹೊಸದಾಗಿ ಬಂದಿದೀನಿ. ಮನೆಮನೆ ಸರ್ವೆಗೆ ಹಾಕವ್ರೆ." ಮಡಿಲು ಬಿಡದೆ ಹಾಗೇ ಕೂತು ಹೇಳಿದಳು. "ಅಮ್ಮ ಅಳ್ತಾ ಇದ್ರು. ಹೆಂಗ್ ಬ್ಯಾಡ ಅನ್ಲಿ?"

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅವಳು ಎಲ್ಲವನ್ನೂ ಮೊರಕ್ಕೆ ಸುರಿಯಲು ಹೋದಳು. ನಾನು ಬಿಡಲಿಲ್ಲ. ಒಮ್ಮೆ ಹಾಕಿದ ಮಡಿಲಕ್ಕಿಯನ್ನು ವಾಪಸ್ಸು ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಯಾರಿಗೆ ಹಾಕಿದೆನೋ ಅವರದೇ. "ಬೇಯ್ಸಿ ಉಣ್ಣವ್ವ" ಎಂದೆ. ಗಂಟು ಕಟ್ಟಿಕೊಂಡು, ಸರ್ವೆಯ ಪ್ರಶ್ನೆಗಳನ್ನೂ ಕೇಳಿಕೊಂಡು ಹೋದಳು. ಒಳ್ಳೆಯ ಹುಡುಗಿ. ಅವಳು ಒಳ್ಳೆಯವಳಾಗಿದ್ದಕ್ಕೇ ನನಗೆ ಇನ್ನೂ ನಾಚಿಕೆ.

ಫೆಬ್ರವರಿ 12, ಬುಧವಾರ

ಲಕ್ಕಮ್ಮ ಬೇಲಿ ಆಚೆಯಿಂದ "ನಂಗೂ ಒಂದ್ ಮಡಿಲು ತುಂಬಕ್ಕಾ, ಅಕ್ಕಿ ತೀರೈತೆ" ಎಂದಳು. ನಾನು ಮೊರ ಎತ್ತಿಕೊಂಡು ಒಳಗೆ ಬಂದೆ.

ವನಜಾಕ್ಷಿ ಪಾಠ ಹೇಳಿಕೊಟ್ಟಳು. "ಅತ್ತೆ, ಮುಖ ನೋಡಬ್ಯಾಡಿ. ಕೊರಳು ನೋಡಿ. ಐಡಿ ಕಾರ್ಡ್ ನೇತಾಕ್ಕೊಂಡಿದ್ರೆ ಆಫೀಸ್‌ನೋರು. ಆ ಮೇಡಂ ಹತ್ರಾನೂ ಇತ್ತು, ನೀವು ನೋಡ್ಲಿಲ್ಲ." ಸರಿ. ಇನ್ನು ಕೊರಳು ನೋಡುತ್ತೇನೆ. ಇನ್ನೊಂದು ಸಲ ಈ ಊರಿಗೆ ನಗುವ ಅವಕಾಶ ಕೊಡುವುದಿಲ್ಲ.

ಫೆಬ್ರವರಿ 18, ಮಂಗಳವಾರ

ದೇವರೇ.

ಹನ್ನೊಂದು ಗಂಟೆಗೆ ಒಬ್ಬಳು ಬಂದಳು. ಇವರು ಹೊಲದಲ್ಲಿ, ವನಜಾಕ್ಷಿ ಸಂಘದ ಮೀಟಿಂಗಿನಲ್ಲಿ. ಒಳ್ಳೆಯ ಸೀರೆ, ಕಪ್ಪು ಮುಖ, ಕೊರಳಲ್ಲಿ ನೀಲಿ ದಾರದ ಐಡಿ ಕಾರ್ಡು. ಬಾಗಿಲಲ್ಲಿ ನಿಂತು ಮಾತಾಡದೆ ಸುಮ್ಮನೆ ನಕ್ಕಳು. ನಾನು ಕೊರಳು ನೋಡಿದೆ. ಗತ್ತಾಗಿ, "ಬನ್ನಿ ಮೇಡಂ, ಯಾವ ಇಲಾಖೆ? ಸರ್ವೆ ಮೊನ್ನೆನೇ ಆಯ್ತಲ್ಲ" ಎಂದೆ. ಜಗುಲಿಯ ಮೇಲೆ ಕುರ್ಚಿ ಹಾಕಿ ನೀರು ಕೊಟ್ಟೆ.

ನಗು ನಿಂತುಹೋಯಿತು. ನೀರು ಕುಡಿಯಲಿಲ್ಲ. "ಸರ್ವೆ ಆಯ್ತಾ? ಹಂಗಾದ್ರೆ ನಂದೇನೂ ಕೆಲ್ಸ ಇಲ್ಲ ಬುಡಿ" ಎಂದು ಲೋಟ ಕೆಳಗಿಟ್ಟು ಹೊರಟಳು. ಎಂಥ ಗರ್ವದ ಆಫೀಸರು ಎಂದುಕೊಂಡೆ. ಈ ಸಲ ಮೋಸ ಹೋಗಲಿಲ್ಲ ಎಂದು ಒಳಗೊಳಗೇ ಹಿಗ್ಗಿದೆ ಕೂಡ.

ಸಂಜೆ ಮಗ ರಂಗೇಶನಿಗೆ ಫೋನ್ ಬಂತು. ಆಶಾ. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾಳೆ. ಬೆಳಿಗ್ಗೆ ಗೇಟಿನಲ್ಲಿ ರಜ ಹೇಳಿ, ಕಾರ್ಡು ಕೂಡ ತೆಗೆಯದೆ ಬಸ್ಸು ಹತ್ತಿದ್ದಾಳೆ. "ಅಣ್ಣ, ದೊಡ್ಡಮ್ಮ ನನ್ನ ಯಾವ ಇಲಾಖೆ ಅಂತ ಕೇಳ್ತು. ಅಪ್ಪನ ಮೇಲಿನ ಕೋಪ ಇನ್ನೂ ಹೋಗಿಲ್ಲ ಅಂತ ನೇರವಾಗಿ ಹೇಳ್ಬೋದಿತ್ತಲ್ಲಾ" ಎಂದು ಅತ್ತಳಂತೆ.

ನಾನು ಎತ್ತಿ ಆಡಿಸಿದ ಕೂಸು. ಕುರ್ಚಿ ಹಾಕಿ ಜಗುಲಿಯಲ್ಲಿ ಕೂರಿಸಿದೆನಲ್ಲ.

ಫೆಬ್ರವರಿ 20, ಗುರುವಾರ

ಫೋನ್ ಎತ್ತುತ್ತಿಲ್ಲ. ರಂಗೇಶ ವಿವರಿಸಿ ಮೆಸೇಜು ಹಾಕಿದ. "ಆಯ್ತು ಬಿಡಿ ಅಣ್ಣ" ಎಂದು ಬಂತು. ಅದು ಒಪ್ಪಿದ ಮಾತಲ್ಲ, ಬಾಗಿಲು ಹಾಕಿಕೊಂಡ ಮಾತು.

ಫೆಬ್ರವರಿ 24, ಸೋಮವಾರ

ತುಮಕೂರಿನ ಡಾಕ್ಟರ ಹತ್ತಿರ ಹೋಗಿದ್ದೆವು. ಕಣ್ಣು ಸರಿಯಿದೆ. ವಾರದ ಹೆಸರು ಹಿಂದುಮುಂದಾಗಿ ಹೇಳಿಸಿದರು, ಗಡಿಯಾರ ಬರೆಸಿದರು, ನೂರರಿಂದ ಏಳೇಳು ಕಳೆಸಿದರು. ಎಲ್ಲ ಸರಿ. "ಅಮ್ಮನ ಬುದ್ಧಿ ಚುರುಕಾಗೇ ಇದೆ" ಎಂದರು. ಇವರು "ಸ್ವಲ್ಪ ಕಮ್ಮಿ ಮಾಡಕ್ಕಾಗುತ್ತಾ ಸಾರ್?" ಎಂದರು. ಡಾಕ್ಟರು ನಕ್ಕರು. ನಾನು ನಗಲಿಲ್ಲ.

ಮರೆವಿನ ಕಾಯಿಲೆ ಅಲ್ಲವಂತೆ. ವಯಸ್ಸಾದಂತೆ ಮುಖ ಗುರುತಿಸುವ ಶಕ್ತಿ ಬಹಳ ಜನಕ್ಕೆ ಇಳಿಯುತ್ತದೆ, ಕೆಲವರಿಗೆ ಜಾಸ್ತಿ. ಕಂಡವರು ಹೊಸಬರಂತೆ ತೋರುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಕಾಣದವರು ಕಂಡವರಂತೆ ತೋರುತ್ತಾರೆ. "ಮಾತ್ರೆ?" ಎಂದೆ. ಇದಕ್ಕೆ ಮಾತ್ರೆ ಇಲ್ಲವಂತೆ. "ಗೊತ್ತಾಗದಿದ್ದರೆ ಕೇಳಿ, ಅಮ್ಮ" ಎಂದರು. ಕೇಳುವುದಕ್ಕೆ ಡಾಕ್ಟರಿಗೇಕೆ ಫೀಸು ಕೊಡಬೇಕಿತ್ತು?

ಮಾರ್ಚ್ 1, ಶನಿವಾರ

ಸಂಜೆ ಬಾಗಿಲಿಗೆ ಒಬ್ಬಳು ಬಂದಳು. ಕೊರಳಲ್ಲಿ ಏನೂ ಇಲ್ಲ. ಆಶಾ ಇರಬಹುದು, ಇಲ್ಲದೆಯೂ ಇರಬಹುದು. ಬಾಗಿಲ ಚೌಕಟ್ಟು ಹಿಡಿದು ನಿಂತೆ. "ನಾನಮ್ಮ, ಉಮ್ಮೆ ಹಾನಿ. ಅವತ್ತು ಮಡಿಲು ತುಂಬಿದ್ರಲ್ಲ" ಎಂದಳು. ಅಷ್ಟೊತ್ತು ನಾನೇ ತಬ್ಬಿಕೊಂಡು ಅತ್ತಿದ್ದರೂ ಅವಳ ಮುಖವೇ ನನಗೆ ನೆನಪಿಲ್ಲ!

ಅಕ್ಕಿಯಲ್ಲಿ ಅವಳ ನಾನಿ, ಅಂದರೆ ತಾಯಿಯ ತಾಯಿ ಅಫ್ಜಲುನ್ನೀಸಾ, ಪಾಯಸ ಮಾಡಿಸಿದರಂತೆ. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದೆಲ್ಲ ಕೇಳಿ ಹೊಟ್ಟೆ ಹಿಡಿದು ನಕ್ಕರಂತೆ. ಅವರಿಗೂ ನನ್ನ ಕಾಯಿಲೆಯೇ. ಯಾರು ಒಳಗೆ ಬಂದರೂ ಮೊದಲು "ನಾಮ್ ಬೋಲೋ" ಎನ್ನುತ್ತಾರಂತೆ, ಹೆತ್ತ ಮಗಳಿಗೂ.

"ನಾಚ್ಕೆ ಆಗಲ್ವಾ ಅವ್ರಿಗೆ?"

"ನಾನಿಗಾ? ಹೆಸರು ಹೇಳ್ದೆ ಬಂದು ನಿಂತ್ಕೊಳ್ಳೋರಿಗೆ ನಾಚ್ಕೆ ಆಗ್ಬೇಕು ಅಂತಾರೆ."

ಅವರಿಗೆ ಎಂಬತ್ತೈದು. ಆ ವಯಸ್ಸಿಗೆ ಏನಂದರೂ ನಡೆಯುತ್ತದೆ. ನನಗಿನ್ನೂ ಅರವತ್ತೊಂಬತ್ತು. ನನಗೆ ಅದೆಲ್ಲ ಆಗಿಬರುವುದಿಲ್ಲ.

ಮಾರ್ಚ್ 6, ಗುರುವಾರ

ಮಧುಗಿರಿಯಿಂದ ಬರುವಾಗ ಬಸ್ಸಿನಲ್ಲಿ ಒಬ್ಬ ಸೀಟು ಬಿಟ್ಟುಕೊಟ್ಟು "ಗುರ್ತು ಸಿಕ್ತಾ, ಟೀಚರ್?" ಎಂದ. ತಲೆ ನೋಯುತ್ತಿತ್ತು. ಅಮ್ಮನನ್ನು ವಿಚಾರಿಸುವ ಚೈತನ್ಯ ಇರಲಿಲ್ಲ. "ಇಲ್ಲ ಕಣಪ್ಪ, ಯಾರ್ ನೀನು?" ಎಂದೆ. ಅಂಜನ್ ಕುಮಾರ್. ಮೊಟ್ಟೆ ಕೊಟ್ಟ ದಿನ ಮಾತ್ರ ಅಂಗನವಾಡಿಗೆ ಬರುತ್ತಿದ್ದ ಹುಡುಗ. ತಾಯಿ ಹೋಗಿ ಎರಡು ವರ್ಷವಾಯಿತಂತೆ. ದೊಡ್ಡೇರಿವರೆಗೂ ತಾಯಿಯ ಸುದ್ದಿಯನ್ನೇ ಹೇಳಿಕೊಂಡ. ಕೊನೆಗೆ "ಹೋದ ವರ್ಷ ನೀವು ಅಮ್ಮ ಚೆನ್ನಾಗವ್ರಾ ಅಂದಾಗ ನಂಗೆ ಏನ್ ಹೇಳ್ಬೇಕೋ ತಿಳೀಲಿಲ್ಲ ಟೀಚರ್" ಎಂದ. ಆ ಉಪಾಯ ಇಲ್ಲಿಗೆ ಸಾಕು.

ಮನೆಗೆ ಬರುತ್ತಲೇ ಬೇಲಿಯ ಹತ್ತಿರ ಹೋಗಿ ಲಕ್ಕಮ್ಮನಿಗೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಬಾಯಿಗೆ ಸೆರಗು ಇಟ್ಟುಕೊಂಡಳು. "ಅಯ್ಯೋ, ನನ್ನ ಬುಟ್ಟು ಹೋದೆ ಅಂತ ನಾನು ಊರೆಲ್ಲ ಸಾರ್ಬುಟ್ನಲ್ಲಕ್ಕಾ" ಎಂದಳು. ಅದೇ ಗುಂಗಿನಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ ಈವತ್ತು.

ಮಾರ್ಚ್ 10, ಸೋಮವಾರ

ಇವರೇ ಹೇಳಿದರು. ಊಟದ ಮಧ್ಯೆ, ತಲೆ ಎತ್ತದೆ: "ಪಾವಗಡಕ್ಕೆ ಹೋಗ್ಬುಟ್ಟು ಬರಣ. ಫೋನಿನಾಗೆ ಆಗೋ ಕೆಲ್ಸ ಅಲ್ಲ ಇದು."

ಮಾರ್ಚ್ 12, ಬುಧವಾರ. ಆಶಾ ಮನೆ

ಅವಳ ಮಗಳ ರಫ್ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಎಲ್ಲವನ್ನೂ ಬರೆದೇ ಮಲಗುತ್ತೇನೆ.

ಪಾವಗಡದಲ್ಲಿ ಬಸ್ಸು ಬದಲಾಯಿಸಿ ತಿರುಮಣಿ ಕಡೆಯ ಈ ಊರಿಗೆ ಬಂದಿಳಿದಾಗ ಮೂರು ಗಂಟೆ. ಕಣ್ಣು ಹಾಯಿಸಿದ ಕಡೆಯೆಲ್ಲ ಸೋಲಾರ್ ಹಲಗೆಗಳು. ಅವುಗಳ ಧೂಳು ತೊಳೆಯುವ ಹೆಂಗಸರನ್ನು ಸಂಜೆ ಬೇವಿನ ಮರದ ಹತ್ತಿರ ಟೆಂಪೋದಲ್ಲಿ ಇಳಿಸುತ್ತಾರೆಂದು ಅಂಗಡಿಯವನು ಹೇಳಿದ. ಕಟ್ಟೆಯ ಮೇಲೆ ಕೂತು ಕಾದೆವು. ಇವರು ಬೀಡಿಯ ಮೇಲೆ ಬೀಡಿ ಹಚ್ಚಿದರು.

ಟೆಂಪೋ ಬಂತು. ಇಳಿದವರನ್ನು ಎಣಿಸಿದೆ. ಹತ್ತು ಹನ್ನೆರಡು ಜನ. ಎಲ್ಲರಿಗೂ ಕಿತ್ತಳೆ ಬಣ್ಣದ ಕೋಟು, ತಲೆಗೆ ಟೋಪಿ, ಬಿಸಿಲಿಗೂ ಧೂಳಿಗೂ ಮುಖದ ತುಂಬ ಸುತ್ತಿದ ಬಟ್ಟೆ. ಕಣ್ಣೆರಡು ಬಿಟ್ಟರೆ ಏನೂ ಕಾಣುವುದಿಲ್ಲ. ಎಲ್ಲರ ಕೊರಳಲ್ಲೂ ನೀಲಿ ದಾರ!

ಇವರು ನನ್ನ ತಿವಿದರು. "ಆ ಮೂರನೇದು ಕಣೇ. ನಡಿಗೆ ನಮ್ಮ ತಮ್ಮಂದೇ." ಎದ್ದುಹೋಗಿ "ಆಶಾ" ಎಂದರು. ಅವಳು "ನೇನು ಕಾದು ತಾತಾ" ಎಂದು, ತಾನಲ್ಲವೆಂದು ತೆಲುಗಿನಲ್ಲಿ ಹೇಳಿ ಕಿಸಕ್ಕೆಂದು ನಕ್ಕಳು. ಉಳಿದವರೂ ನಕ್ಕರು. ಇವರು ಪೆಚ್ಚಾಗಿ ಬಂದು ನನ್ನ ಹಿಂದೆ ನಿಂತರು. ಒಂದು ಸಲವಾದರೂ ಇವರಿಗೂ ಹೀಗಾಯಿತಲ್ಲ ಎಂದು ನನಗೆ ಸ್ವಲ್ಪ ಧೈರ್ಯ ಬಂತು.

ಕಟ್ಟೆ ಹತ್ತಿ ನಿಂತೆ. ಮೂವತ್ತು ವರ್ಷ ಮಕ್ಕಳನ್ನು ಕೂಗಿದ ಗಂಟಲು, ಇನ್ನೂ ಇದೆ.

"ನೋಡ್ರಮ್ಮ, ನಾನು ದೊಡ್ಡೇರಿ ಕಡೆಯ ಹನುಮಕ್ಕ. ವಯಸ್ಸಾಯ್ತು, ನಂಗೆ ಮುಖಗಳು ಗುರ್ತು ಸಿಗಲ್ಲ. ನಿಮ್ಮ ಬಟ್ಟೆ ಬಿಚ್ಚಿದ್ರೂ ಸಿಗಲ್ಲ. ನಮ್ಮ ಹುಡುಗಿ ಮನೆಗ್ ಬಂದಾಗ ಯಾರೋ ಆಫೀಸರು ಅಂದ್ಕೊಂಡು ಜಗುಲೀಲಿ ಕೂರ್ಸ್‌ಬುಟ್ಟೆ. ನಂಗೆ ಅವಳ ಮೇಲೆ ಯಾವ ಕೋಪಾನೂ ಇಲ್ಲ. ನಿಮ್ಮಲ್ಲಿ ಆಶಾ ಯಾರು? ನಾನ್ ಹುಡ್ಕಕ್ಕಾಗಲ್ಲ. ಅವಳೇ ಬರ್ಬೇಕು."

ಯಾರೂ ನಗಲಿಲ್ಲ. ಒಬ್ಬ ಹಿರಿಯಳು ಪಕ್ಕದವಳ ಬೆನ್ನು ತಟ್ಟಿ "ಪೋವೇ, ನೀ ಕೋಸಮೇ ವಚ್ಚಿನಾರು" ಎಂದು, ನಿನಗಾಗಿಯೇ ಬಂದಿದ್ದಾರೆ ಹೋಗು ಎನ್ನುವಂತೆ, ಮುಂದಕ್ಕೆ ದೂಡಿದಳು. ಆ ಪಕ್ಕದವಳು ಹೆಜ್ಜೆ ಹೆಜ್ಜೆಯಾಗಿ ಬಂದು ನನ್ನೆದುರು ನಿಂತಳು. ಟೋಪಿ ತೆಗೆದಳು. ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಚ್ಚಿದಳು.

"ಈಗ್ಲಾದ್ರೂ ಸಿಕ್ತಾ ಗುರ್ತು?" ಎಂದಳು.

ಇವರು ಹಿಂದಿನಿಂದ ನನ್ನ ಸೆರಗು ಜಗ್ಗಿದರು. ಹೂಂ ಅನ್ನು ಎಂದು ಅರ್ಥ. ಹೂಂ ಎನ್ನುವುದು ನನಗೆ ನೀರು ಕುಡಿದಷ್ಟು ಸುಲಭ. ಆದರೆ ಆ ಕಣ್ಣುಗಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಇಲ್ಲ ಕಣಮ್ಮ. ಸಿಗ್ಲಿಲ್ಲ. ನನ್ನ ತಲೆಯಾಗೆ ನಿಂಗಿನ್ನೂ ಹದಿನಾಲ್ಕು. ಈ ಮುಖ ನಾನು ನೋಡೇ ಇಲ್ಲ. ಇಲ್ಲಿ ಕೂತ್ಕೋ, ನೋಡ್ತೀನಿ."

ಅವಳು ತುಟಿ ಕಚ್ಚಿಕೊಂಡಳು. ಆಮೇಲೆ ಕಟ್ಟೆಯ ಮೇಲೆ ನನ್ನೆದುರಿಗೆ ಕೂತಳು, ಅಂಗನವಾಡಿಯಲ್ಲಿ ಕೂರುತ್ತಿದ್ದ ಹಾಗೆ ಚಕ್ಕಳಮಕ್ಕಳ ಹಾಕಿಕೊಂಡು. ನಾನೂ ಕೂತು ಎರಡೂ ಕೈಯಲ್ಲಿ ಆ ಮುಖ ಹಿಡಿದು ನೋಡಿದೆ. ಬಿಸಿಲಿಗೆ ಕಪ್ಪಾದ ಕೆನ್ನೆ, ಹುಬ್ಬಿನ ಮೇಲೆ ಹಳೆಯ ಗಾಯ, ತೋಯ್ದ ರೆಪ್ಪೆ. ಚೆಂದದ ಮುಖ.

"ಬಸ್ಸಿನಾಗೆ ಪೂರ್ತಿ ಅದೇ ಯೋಚ್ನೆ ದೊಡ್ಡಮ್ಮ" ಎಂದಳು. "ನಾನು ಬಾಯ್ ಬುಡಲ್ಲ, ಸುಮ್ನೆ ನಿಂತ್ಕೊತೀನಿ, ದೊಡ್ಡಮ್ಮ ನೋಡಿದ್ ತಕ್ಷಣ ಆಶಾ ಅಂತ ಓಡ್ಬರ್ತದೆ ಅಂತ."

"ಓಡ್ಬಂದಿದ್ದೆ ಕಣೇ, ವಾರ ಮುಂಚೆನೇ, ಬೇರೆ ಯಾರ್ ಹತ್ರಾನೋ!" ಎಂದು ಮಡಿಲಕ್ಕಿಯ ಕಥೆ ಹೇಳಿದೆ. ಅಳುತ್ತಾ ಅಳುತ್ತಾ ನಕ್ಕಳು. ಟೆಂಪೋದ ಹೆಂಗಸರೂ ಮನೆಗೆ ಹೋಗದೆ ಸುತ್ತ ನಿಂತು ಕೇಳಿಸಿಕೊಂಡರು.

ಇವರು ದೂರದಲ್ಲೇ ನಿಂತಿದ್ದರು. ಅವಳೇ ಎದ್ದುಹೋಗಿ ಕಾಲಿಗೆ ನಮಸ್ಕಾರ ಮಾಡಿದಳು. "ಜಗಳ ನಮ್ಮಿಬ್ರುದು ಕಣಮ್ಮ. ನಿಂದಲ್ಲ" ಎಂದರು. ಹದಿನಾರು ವರ್ಷದಲ್ಲಿ ಆ ಜಗಳದ ಬಗ್ಗೆ ಇವರು ಆಡಿದ ಮೊದಲ ಮಾತು ಇದು. ಇನ್ನೇನೋ ಹೇಳಲು ಹೊರಟು ಆಗದೆ, ಅವಳ ಟೋಪಿ ತೆಗೆದುಕೊಂಡು ಧೂಳು ಕೊಡವಿ ಕೊಟ್ಟರು.

ಮಾರ್ಚ್ 13, ಗುರುವಾರ

ಬೆಳಿಗ್ಗೆ ಒಲೆಯ ಮುಂದೆ ಕೂತು ಕಾಫಿ ಕುಡಿಯುತ್ತಿದ್ದೆ. ತಲೆಗೆ ಸ್ನಾನ ಮಾಡಿ ಟವೆಲು ಸುತ್ತಿಕೊಂಡು ನೈಟಿಯಲ್ಲಿ ಒಬ್ಬಳು ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಪಕ್ಕದ ಮನೆಯವಳಿರಬೇಕು ಎನ್ನಿಸಿತು. ಎನ್ನಿಸಿದ್ದನ್ನು ನಂಬಲಿಲ್ಲ.

"ಯಾರಮ್ಮ?"

"ಆಶಾ ಕಣ್ ದೊಡ್ಡಮ್ಮ." ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ನಿನ್ನೆ ಸಂಜೆಯಿಂದ ಇದೇ ಆಯ್ತು. ದೀಪ ಹಚ್ಚಕ್ ಬಂದಾಗ ಕೇಳ್ದೆ, ಊಟಕ್ ಬಡ್ಸಕ್ ಬಂದಾಗ ಕೇಳ್ದೆ. ಇನ್ನೂ ಎಷ್ಟು ಸಲ ಕೇಳ್ತೀಯಾ?"

"ನೀನು ಬಂದಷ್ಟು ಸಲ."

ಟವೆಲಿನ ತುದಿಯಿಂದ ಮುಖ ಒರೆಸಿಕೊಂಡು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ನನ್ನ ಲೋಟದಿಂದಲೇ ಒಂದು ಗುಟುಕು ಕಾಫಿ ಕುಡಿದಳು.

"ಹಂಗಾದ್ರೆ ಬತ್ತಾನೇ ಇರ್ತೀನಿ ಬುಡು" ಎಂದಳು.